ಕೋಳಿ ಫಹೀಟಾ: ದನಗಾಹಿಗಳ ಊಟ, ಮನೆಯ ಕಾವಲಿ, ಜೊತೆಗೊಂದು ವೈನ್

ಕಾದ ಕಬ್ಬಿಣದ ತಟ್ಟೆಯ ಮೇಲೆ ಚುರುಗುಡುತ್ತ ಮೇಜಿಗೆ ಬರುವ ಫಹೀಟಾ ಮೆಕ್ಸಿಕೊದ ಖಾದ್ಯವೆಂಬುದು ಹಲವರ ನಂಬಿಕೆ. ಆದರೆ ಅದು ರೂಪುಗೊಂಡದ್ದು ಅಮೆರಿಕದ ಟೆಕ್ಸಾಸ್ ರಾಜ್ಯದ ದಕ್ಷಿಣ ಅಂಚಿನ ರಿಯೊ ಗ್ರಾಂಡೆ ಕಣಿವೆಯಲ್ಲಿ. 1930-40ರ ದಶಕಗಳಲ್ಲಿ ಅಲ್ಲಿನ ಜಾನುವಾರು ಕೇಂದ್ರಗಳ ಮೆಕ್ಸಿಕನ್ ದನಗಾಹಿಗಳಿಗೆ ಕೂಲಿಯ ಭಾಗವಾಗಿ ದನದ ತಲೆ, ಕರುಳು ಹಾಗೂ ವಪೆಯ ಮಾಂಸವನ್ನು ನೀಡಲಾಗುತ್ತಿತ್ತು. ಪಟ್ಟಿಯಂತಿರುವ ಈ ವಪೆಯ ಮಾಂಸಕ್ಕೆ ಅವರಿಟ್ಟ ಹೆಸರು ಫಹೀಟಾ. ಸ್ಪ್ಯಾನಿಷ್ ಭಾಷೆಯಲ್ಲಿ ‘ಫಾಹಾ’ ಎಂದರೆ ನಡುಪಟ್ಟಿ.

1969ರಲ್ಲಿ ಸನ್ನಿ ಫಾಲ್ಕನ್ ಎಂಬ ಮಾಂಸದ ವ್ಯಾಪಾರಿ ಟೆಕ್ಸಾಸ್‌ನ ಕೈಲ್ ಎಂಬ ಊರಿನಲ್ಲಿ ಇದನ್ನು ಮೊದಲ ಬಾರಿಗೆ ಸಾರ್ವಜನಿಕವಾಗಿ ಮಾರಿದರು. 1973ರಲ್ಲಿ ಹ್ಯೂಸ್ಟನ್‌ನಲ್ಲಿ ನಿನ್ಫಾ ಲಾರೆಂಜೊ ಅವರ ಉಪಾಹಾರಗೃಹ ಇದಕ್ಕೆ ನಗರದ ಗ್ರಾಹಕರನ್ನು ತಂದಿತು. 1980ರ ದಶಕದಲ್ಲಿ ದೊಡ್ಡ ಹೋಟೆಲುಗಳೂ ಇದನ್ನು ಬಡಿಸತೊಡಗಿದವು. ಪರಿಣಾಮವಾಗಿ, ಕೂಲಿಯವರ ಪಾಲಿನ ಅಗ್ಗದ ಮಾಂಸ ದುಬಾರಿಯಾಯಿತು. ಕೋಳಿಯಲ್ಲಿ ಆ ಭಾಗವೇ ಇಲ್ಲದ ಕಾರಣ ‘ಕೋಳಿ ಫಹೀಟಾ’ ಎಂಬುದು ಪದಶಃ ತಪ್ಪು. ಉಳಿದುಬಂದಿರುವುದು ವಿಧಾನ ಮಾತ್ರ: ಹುಳಿಯಲ್ಲಿ ನೆನೆಸುವುದು, ತೀವ್ರ ಉರಿ, ತೆಳುವಾದ ಪಟ್ಟಿ.

ಬೇಕಾಗುವ ಸಾಮಗ್ರಿ (ನಾಲ್ವರಿಗೆ)

ಮೂಳೆರಹಿತ ಕೋಳಿಮಾಂಸ 500 ಗ್ರಾಂ, ಎರಡು ನಿಂಬೆಹಣ್ಣಿನ ರಸ, ಎಣ್ಣೆ 3 ಚಮಚ, ಜಜ್ಜಿದ ಬೆಳ್ಳುಳ್ಳಿ 3 ಎಸಳು, ಜೀರಿಗೆ ಪುಡಿ ಮತ್ತು ಅಚ್ಚ ಖಾರದ ಪುಡಿ ತಲಾ 1 ಚಮಚ, ಒರೆಗಾನೊ ಅರ್ಧ ಚಮಚ, ಉಪ್ಪು, ಎರಡು ದೊಣ್ಣೆ ಮೆಣಸಿನಕಾಯಿ, ಒಂದು ದೊಡ್ಡ ಈರುಳ್ಳಿ, ಗೋಧಿ ಹಿಟ್ಟಿನ ಟಾರ್ಟಿಯಾ 8. ಟಾರ್ಟಿಯಾ ದೊರೆಯದಿದ್ದರೆ ಮೆತ್ತನೆಯ ಚಪಾತಿಯೂ ಆಗಬಹುದು. ತೊಡೆಯ ಮಾಂಸ ಎದೆಯ ಮಾಂಸದಷ್ಟು ಬೇಗ ಒಣಗುವುದಿಲ್ಲ.

ಮಾಡುವ ವಿಧಾನ

ಮಾಂಸವನ್ನು ನಾರಿಗೆ ಅಡ್ಡಲಾಗಿ ಅರ್ಧ ಅಂಗುಲ ಅಗಲದ ಪಟ್ಟಿಗಳಾಗಿ ಕತ್ತರಿಸಿ, ನಿಂಬೆರಸ, ಮಸಾಲೆ ಮತ್ತು 2 ಚಮಚ ಎಣ್ಣೆಯೊಂದಿಗೆ ಕಲಸಿ ಒಂದು ಗಂಟೆ ತಣ್ಣನೆಯ ಪೆಟ್ಟಿಗೆಯಲ್ಲಿಡಬೇಕು. ರಾತ್ರಿಯಿಡೀ ಇಟ್ಟರೆ ಹುಳಿಯಿಂದ ಮಾಂಸದ ಹೊರಪದರ ಹಿಟ್ಟಿನಂತಾಗುತ್ತದೆ.

ದಪ್ಪ ಕಬ್ಬಿಣದ ಕಾವಲಿಯನ್ನು ಹೊಗೆಯಾಡುವಷ್ಟು ಕಾಯಿಸಿ ಉಳಿದ ಎಣ್ಣೆ ಹಾಕಿ, ಉದ್ದುದ್ದ ಸೀಳಿದ ತರಕಾರಿಯನ್ನು ಅಂಚು ಕಪ್ಪಾಗುವವರೆಗೆ ಹುರಿದು ತೆಗೆದಿಡಬೇಕು. ನಂತರ ಮಾಂಸವನ್ನು ಎರಡು ಕಂತಿನಲ್ಲಿ ಹುರಿಯಬೇಕು. ಒಮ್ಮೆಲೇ ಸುರಿದರೆ ಕಾವು ಇಳಿದು ನೀರು ಬಿಡುತ್ತದೆ. ಮಾಂಸ ಹುರಿಯುವ ಬದಲು ಬೇಯುತ್ತದೆ. ಒಳಗೆ ಗುಲಾಬಿ ಬಣ್ಣ ಉಳಿಯಬಾರದು. ಉಷ್ಣಮಾಪಕವಿದ್ದರೆ 74 ಡಿಗ್ರಿ ಸೆಲ್ಸಿಯಸ್ ತಲುಪಿದೆಯೇ ಎಂದು ನೋಡಬಹುದು. ಜೊತೆಗೆ ಕಿವುಚಿದ ಬೆಣ್ಣೆಹಣ್ಣು, ಹೆಚ್ಚಿದ ಟೊಮೆಟೊ-ಈರುಳ್ಳಿ-ಕೊತ್ತಂಬರಿ ಹಾಗೂ ಗಟ್ಟಿ ಮೊಸರನ್ನು ಬಡಿಸಿ, ತಿನ್ನುವವರೇ ಸುತ್ತಿಕೊಳ್ಳಲು ಬಿಡುವುದು ವಾಡಿಕೆ.

ಯಾವ ವೈನ್?

ಇಲ್ಲಿ ವೈನ್ ಆರಿಸಬೇಕಾದದ್ದು ಕೋಳಿಗಿಂತ ಹೆಚ್ಚಾಗಿ ಖಾರ ಮತ್ತು ನಿಂಬೆಹುಳಿಯನ್ನು ನೋಡಿ. ಮದ್ಯಸಾರದ ಪ್ರಮಾಣ ಹೆಚ್ಚಿದಂತೆ ಖಾರದ ಉರಿ ಹೆಚ್ಚುತ್ತದೆ. ಗಾಢ ಕೆಂಪು ವೈನಿನ ಒಗರು, ಖಾರದ ಮುಂದೆ ಕಹಿಯಾಗಿ ತೋರುತ್ತದೆ. ವೈನಿನ ಹುಳಿ ಊಟದ ಹುಳಿಗಿಂತ ಕಡಿಮೆಯಿದ್ದರೆ ಅದು ಸಪ್ಪೆಯೆನಿಸುತ್ತದೆ. ಆದ್ದರಿಂದ ಹುಳಿಯಂಶವುಳ್ಳ ಸೋವಿನ್ಯೋ ಬ್ಲಾಂಕ್ ಸೂಕ್ತ. ಖಾರ ಹೆಚ್ಚಿದ್ದರೆ ತುಸು ಸಿಹಿಯಾದ ಶೆನಿನ್ ಬ್ಲಾಂಕ್ ಅಥವಾ ರೀಸ್ಲಿಂಗ್ ಉತ್ತಮ. ಕೆಂಪು ಛಾಯೆ ಬಯಸುವವರಿಗೆ ತಂಪು ಮಾಡಿದ ರೋಸೆ ಇದೆ. ಬಿಳಿ ವೈನನ್ನು 8ರಿಂದ 10 ಡಿಗ್ರಿಯಲ್ಲಿ ಬಡಿಸಬೇಕು. ನಂದಿ ಬೆಟ್ಟದ ತಪ್ಪಲಿನಲ್ಲಿಯೂ ನಾಸಿಕದಲ್ಲಿಯೂ ಸೋವಿನ್ಯೋ ಬ್ಲಾಂಕ್ ತಯಾರಾಗುವುದರಿಂದ ವಿದೇಶಿ ಬಾಟಲಿಯೇ ಬೇಕೆಂದೇನೂ ಇಲ್ಲ.

ವೈನ್ ಸೇವಿಸದವರಿಗೆ ಮಜ್ಜಿಗೆಯಿದೆ. ಖಾರವನ್ನು ತಣಿಸುವ ವಿಷಯದಲ್ಲಿ ಹಾಲಿನ ಪ್ರೋಟೀನುಳ್ಳ ಅದು ಯಾವ ವೈನಿಗಿಂತಲೂ ಮುಂದೆ.