ಮಾಧ್ಯಮ ನಿರ್ವಹಣೆ: ಕೊಪ್ಪಳ ಜಿಲ್ಲೆಯ ವಿದ್ಯಾರ್ಥಿಗಳಿಗೆ ಸ್ನಾತಕೋತ್ತರ ವ್ಯಾಸಂಗದ ಮಾಹಿತಿ

ಮಾಧ್ಯಮ ನಿರ್ವಹಣೆಯು ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಸಾಮಾನ್ಯವಾಗಿ ಪ್ರತ್ಯೇಕ ಪದವಿಯಾಗಿರದೆ, ಪತ್ರಿಕೋದ್ಯಮ ಮತ್ತು ಸಮೂಹ ಸಂವಹನ ಎಂ.ಎ. ಪದವಿಯ ಭಾಗವಾಗಿ ಬೋಧಿಸಲ್ಪಡುತ್ತದೆ. ಆದ್ದರಿಂದ ಅರ್ಜಿದಾರರು ಪ್ರವೇಶ ಅಧಿಸೂಚನೆಗಳಲ್ಲಿ ಈ ಪದವಿಯ ಹೆಸರನ್ನು ಗಮನಿಸತಕ್ಕದ್ದು.

1. ವ್ಯಾಸಂಗದ ಸ್ವರೂಪ
ಅವಧಿ ಎರಡು ವರ್ಷ, ನಾಲ್ಕು ಸೆಮಿಸ್ಟರ್‌ಗಳು. ಮಾಧ್ಯಮ ಸಂಸ್ಥೆಯ ಒಡೆತನ ಮತ್ತು ಆಡಳಿತ, ಪ್ರಸಾರ, ಜಾಹೀರಾತು, ಆಯವ್ಯಯ, ಸಿಬ್ಬಂದಿ ನಿರ್ವಹಣೆ ಹಾಗೂ ಮಾಧ್ಯಮ ಕಾನೂನುಗಳು ಈ ವಿಷಯದ ವ್ಯಾಪ್ತಿಗೆ ಬರುತ್ತವೆ. 1867ರ ಪತ್ರಿಕಾ ನೋಂದಣಿ ಕಾಯ್ದೆಯ ಬದಲಿಗೆ 2023ರ ಕಾಯ್ದೆಯು ದಿನಾಂಕ 1-3-2024ರಿಂದ ಜಾರಿಗೆ ಬಂದಿರುವುದರಿಂದ, ಹಳೆಯ ಪಠ್ಯಪುಸ್ತಕ ಬಳಸುವವರು ಈ ಬದಲಾವಣೆಯನ್ನು ಗಮನಿಸುವುದು. ಲೆಕ್ಕಪತ್ರದ ಜ್ಞಾನವುಳ್ಳ ವಾಣಿಜ್ಯ ಪದವೀಧರರಿಗೂ ಈ ವಿಷಯವು ಸೂಕ್ತವಾಗಿದೆ.

2. ಅರ್ಹತೆ
ಮಾನ್ಯತೆ ಪಡೆದ ವಿಶ್ವವಿದ್ಯಾಲಯದ ಪದವಿ. ಕನಿಷ್ಠ ಅಂಕಗಳು ಹಾಗೂ ಪದವಿಯಲ್ಲಿ ಪತ್ರಿಕೋದ್ಯಮ ಓದಿದವರಿಗೆ ಇರುವ ಆದ್ಯತೆಯನ್ನು ಆಯಾ ಅಧಿಸೂಚನೆಯಲ್ಲಿ ಪರಿಶೀಲಿಸುವುದು.

3. ವ್ಯಾಸಂಗ ಕೇಂದ್ರಗಳು
ಅ) ಕಲ್ಯಾಣ ಕರ್ನಾಟಕ ಪ್ರದೇಶದೊಳಗೆ: ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ (ಸ್ಥಾಪನೆ 2010) ಮತ್ತು ಗುಲಬರ್ಗಾ ವಿಶ್ವವಿದ್ಯಾಲಯ.
ಆ) ಪ್ರದೇಶದ ಹೊರಗೆ: ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಮೈಸೂರು ವಿಶ್ವವಿದ್ಯಾಲಯ ಹಾಗೂ ಮಹಿಳೆಯರಿಗಾಗಿ ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ.
ಇ) ಕಲಬುರಗಿ ಜಿಲ್ಲೆಯ ಕಡಗಂಚಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ: ಇಲ್ಲಿ ಸಿಯುಇಟಿ (ಪಿಜಿ) ಪ್ರವೇಶ ಪರೀಕ್ಷೆ ಬರೆಯಬೇಕಾಗುತ್ತದೆ.
ಈ) ಉದ್ಯೋಗದಲ್ಲಿರುವವರಿಗೆ: ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ.

4. ಅನುಚ್ಛೇದ 371ಜೆ ಮೀಸಲಾತಿ
ಸಂವಿಧಾನದ 371ಜೆ ಅನುಚ್ಛೇದದನ್ವಯ ಹೊರಡಿಸಲಾದ 2013ರ ರಾಜ್ಯ ಆದೇಶದಂತೆ, ಜನನ ಅಥವಾ ವಾಸದಿಂದ ಈ ಪ್ರದೇಶಕ್ಕೆ ಸೇರಿದ ವಿದ್ಯಾರ್ಥಿಗಳಿಗೆ ಪ್ರದೇಶದೊಳಗಿನ ರಾಜ್ಯ ವಿಶ್ವವಿದ್ಯಾಲಯಗಳಲ್ಲಿ ಶೇ. 70ರಷ್ಟು ಹಾಗೂ ಹೊರಗಿನ ರಾಜ್ಯ ವಿಶ್ವವಿದ್ಯಾಲಯಗಳಲ್ಲಿ ಶೇ. 8ರಷ್ಟು ಸ್ಥಾನಗಳು ಮೀಸಲಾಗಿವೆ. ಧಾರವಾಡ ಅಥವಾ ಮೈಸೂರಿಗೆ ಅರ್ಜಿ ಸಲ್ಲಿಸುವವರು ಈ ಸೌಲಭ್ಯ ತಮಗೆ ಅನ್ವಯಿಸುವುದಿಲ್ಲವೆಂದು ಭಾವಿಸಬಾರದು.

ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ತಾಲ್ಲೂಕುಗಳಲ್ಲದೆ, ಇವುಗಳಿಂದ ನಂತರ ರಚನೆಯಾದ ಕನಕಗಿರಿ, ಕಾರಟಗಿ ಮತ್ತು ಕುಕನೂರು ತಾಲ್ಲೂಕುಗಳ ಅರ್ಹ ನಿವಾಸಿಗಳಿಗೂ ಇದು ಅನ್ವಯಿಸುತ್ತದೆ. ಅರ್ಹತಾ ಪ್ರಮಾಣಪತ್ರವನ್ನು ಕಂದಾಯ ಉಪವಿಭಾಗದ ಸಹಾಯಕ ಆಯುಕ್ತರು ಪರಿಶೀಲನೆಯ ನಂತರ ನೀಡುತ್ತಾರೆ.

5. ಸಿದ್ಧಪಡಿಸಿಕೊಳ್ಳಬೇಕಾದ ದಾಖಲೆಗಳು
• ಪದವಿ ಹಾಗೂ ಎಲ್ಲ ಸೆಮಿಸ್ಟರ್‌ಗಳ ಅಂಕಪಟ್ಟಿಗಳು
• ಜನನ, ವಾಸ ಮತ್ತು ಶಾಲಾ ವ್ಯಾಸಂಗವನ್ನು ದೃಢಪಡಿಸುವ ದಾಖಲೆಗಳು
• 371ಜೆ ಅರ್ಹತಾ ಪ್ರಮಾಣಪತ್ರ
• ಅನ್ವಯಿಸಿದಲ್ಲಿ, ತಹಶೀಲ್ದಾರರು ನೀಡಿದ ಜಾತಿ ಮತ್ತು ಆದಾಯ ಪ್ರಮಾಣಪತ್ರ

ಅರ್ಹರು ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದಲ್ಲಿ ಪ್ರತ್ಯೇಕವಾಗಿ ಅರ್ಜಿ ಸಲ್ಲಿಸಬೇಕು.

ವಿಶೇಷ ಸೂಚನೆ: ಪ್ರಮಾಣಪತ್ರದ ಪರಿಶೀಲನೆಗೆ ಕಾಲಾವಕಾಶ ಬೇಕಾಗುವುದರಿಂದ, ಪ್ರವೇಶ ಅಧಿಸೂಚನೆಗಾಗಿ ಕಾಯದೆ, ಪದವಿಯ ಅಂತಿಮ ವರ್ಷದಲ್ಲಿಯೇ ಅರ್ಜಿ ಸಲ್ಲಿಸುವುದು ಸೂಕ್ತ. ದಾಖಲಾತಿ ಪರಿಶೀಲನೆಯ ದಿನ ಪ್ರಮಾಣಪತ್ರ ಹಾಜರುಪಡಿಸದಿದ್ದಲ್ಲಿ, ಅರ್ಹತೆಯಿದ್ದರೂ ಮೀಸಲು ಸ್ಥಾನವು ಕೈತಪ್ಪಬಹುದು.