ಮಡಲಿನ ನೆರಳು, ಮರಳಿನ ನಗರ

ಬ್ಯಾಂಕಿನ ಕೌಂಟರಿನಲ್ಲಿ ಕುಳಿತವನಿಗೆ ಅಬುಧಾಬಿಯೆಂದರೆ ನಮ್ಮೂರ ಮಕ್ಕಳು ದುಡಿದು ಕಳುಹಿಸುವ ಹಣ. ಆ ಹಣದಿಂದ ಇಲ್ಲಿ ಎಷ್ಟೋ ಮಡಲಿನ ಮಾಡುಗಳಿಳಿದು ತಾರಸಿಗಳೆದ್ದವು. ಅದೇ ಅಬುಧಾಬಿಯಲ್ಲಿ ಗರಿಯ ನೆರಳಿಗೆ ಮತ್ತೆ ಮರ್ಯಾದೆ ಸಿಕ್ಕಿದ ಚರಿತ್ರೆಯನ್ನು ನಾವು ತಿಳಿದಿರಬೇಕು.

1962ರಲ್ಲಿ ತೈಲದ ರಫ್ತು ಆರಂಭವಾಗುವ ಮೊದಲು ಅಲ್ಲಿಯ ಬಡವರ ಮನೆ ‘ಅರೀಶ್’. ಎಂದರೆ ಖರ್ಜೂರದ ಗರಿಗಳನ್ನು ಕಟ್ಟಿ ಮಾಡಿದ ಗುಡಿಸಲು. ಗರಿಗಳ ಸಂದಿನಲ್ಲಿ ಗಾಳಿ ಆಡುತ್ತಿತ್ತು. ಬಿಸಿಲು ಸೋಸಿ ಚುಕ್ಕಿಚುಕ್ಕಿಯಾಗಿ ಬೀಳುತ್ತಿತ್ತು. ತೈಲದ ಹಣದೊಂದಿಗೆ ಸಿಮೆಂಟು ಬಂತು, ಎ.ಸಿ. ಬಂತು, ಅರೀಶ್ ಮರೆಯಾಯಿತು.

2007ರಲ್ಲಿ ಫ್ರಾನ್ಸಿನೊಡನೆ ಒಪ್ಪಂದವಾಗಿ, ಸಾದಿಯಾತ್ ದ್ವೀಪದಲ್ಲಿ ಲೂವ್ರ್ ಅಬುಧಾಬಿ ಎಂಬ ಕಲಾಸಂಗ್ರಹಾಲಯಕ್ಕೆ ದಾರಿಯಾಯಿತು. ನಲವತ್ತು ಡಿಗ್ರಿ ಮೀರುವ ಸೆಕೆಯಲ್ಲಿ ಜನರು ಹೊರಗೆ ನಿಂತು ಕಲೆ ನೋಡುವುದೆಂತು? ವಾಸ್ತುಶಿಲ್ಪಿ ಜಾನ್ ನುವೆಲ್ ಉತ್ತರಕ್ಕಾಗಿ ಹಳೆಯ ಗರಿಯ ಮಾಡಿನತ್ತ ನೋಡಿದರು. 180 ಮೀಟರ್ ಅಗಲದ ಗುಮ್ಮಟ, ಅದಕ್ಕೆ ನಾಲ್ಕೇ ಆಧಾರ. ಎಂಟು ಪದರಗಳಲ್ಲಿ 7,850 ಲೋಹದ ನಕ್ಷತ್ರಗಳು. ಒಂದು ಪದರ ದಾಟಿದ ಕಿರಣವನ್ನು ಇನ್ನೊಂದು ತಡೆಯುತ್ತದೆ. ಸೂರ್ಯ ಸರಿದಂತೆ ನೆಲದ ಬೆಳಕಿನ ಚುಕ್ಕಿಗಳೂ ಸರಿಯುತ್ತವೆ. ಕೆಳಗೆ ತೆರೆದ ಅಂಗಳ, ಪಕ್ಕದಲ್ಲಿ ಕಡಲು, ನಡುವೆ ಜುಸೆಪ್ಪೆ ಪೆನೋನೆ ಅವರ ಕಂಚಿನ ಮರ. 2017ರ ನವೆಂಬರ್ 11ರಂದು ಅದು ಸಾರ್ವಜನಿಕರಿಗೆ ತೆರೆಯಿತು.

ನಮ್ಮ ಚಪ್ಪರದ ವಿದ್ಯೆಯೂ ಇದೇ ಅಲ್ಲವೇ? ಕನ್ನಡದವರು ಮಡಲು ಎನ್ನಲಿ, ಮಲಯಾಳದವರು ಓಲ ಎನ್ನಲಿ, ನೆರಳು ಒಂದೇ. ಮಡಲು ಹೆಣೆಯಬಲ್ಲ ಅಜ್ಜಿಯಂದಿರು ನಮ್ಮ ಮನೆಗಳಲ್ಲಿ ಇನ್ನೂ ಇದ್ದಾರೆ. ಅವರ ಬಳಿ ಕುಳಿತು ಕಲಿಯೋಣ. ನಮ್ಮ ಮಡಲಿನ ಬೆಲೆಯನ್ನು ಪರದೇಶದ ಗುಮ್ಮಟವೇ ಹೇಳಿಕೊಡಬೇಕೆಂದಿಲ್ಲ.