ಅಲಂಕಾರ ಪರಿಭಾಷೆಯೂ ಶರಣರ ವಚನಗಳೂ

ಅಲಂಕಾರವೆಂಬ ಶಬ್ದವನ್ನು ಕೇಳಿದೊಡನೆ ಹೊರಗಿನಿಂದ ತೊಡಿಸುವ ಆಭರಣವೆಂಬ ಭಾವನೆಯು ಹಲವರಿಗುಂಟಾಗುವುದು. ಉಪಮೆ, ರೂಪಕ, ಅತಿಶಯೋಕ್ತಿಗಳೆಂಬ ಹೆಸರುಗಳು ಪಾಠಶಾಲೆಯ ವಿದ್ಯಾರ್ಥಿಗಳು ಕಂಠಪಾಠ ಮಾಡತಕ್ಕವುಗಳಲ್ಲದೆ ಭಕ್ತರಿಗೆ ಅವುಗಳಿಂದೇನು ಪ್ರಯೋಜನವೆಂದು ಕೇಳುವವರೂ ಉಂಟು. ಆದರೆ ಈ ಪರಿಭಾಷೆಯ ಚರಿತ್ರೆಯನ್ನು ವಿಚಾರಿಸಿದಲ್ಲಿ, ಅದು ಅರ್ಥದ ಬಾಗಿಲನ್ನು ತೆರೆಯುವ ಕೀಲಿಕೈಯೆಂಬುದು ವಿದಿತವಾಗುವುದು.

ಭರತಮುನಿಯ ನಾಟ್ಯಶಾಸ್ತ್ರದಲ್ಲಿ ಉಪಮೆ, ರೂಪಕ, ದೀಪಕ, ಯಮಕಗಳೆಂಬ 4 ಅಲಂಕಾರಗಳು ಮಾತ್ರ ಹೇಳಲ್ಪಟ್ಟಿವೆ. ದಂಡಿಯ ಕಾವ್ಯಾದರ್ಶದಲ್ಲಿ ಅರ್ಥಾಲಂಕಾರಗಳೇ 35 ಆದುವು. ಆ ಗ್ರಂಥವನ್ನು ಬಹುಮಟ್ಟಿಗೆ ಅನುಸರಿಸಿ, ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ ಕ್ರಿ. ಶ. 850ರ ಸುಮಾರಿಗೆ ಕವಿರಾಜಮಾರ್ಗವು ರಚಿತವಾಯಿತು. ಅದರ 3 ಪರಿಚ್ಛೇದಗಳಲ್ಲಿ ಕಡೆಯದು ಅರ್ಥಾಲಂಕಾರಗಳಿಗೆ ಮೀಸಲಾಗಿದೆ. ಇಂದು ಉಪಲಬ್ಧವಾಗಿರುವ ಕನ್ನಡ ಗ್ರಂಥಗಳಲ್ಲಿ ಮೊದಲನೆಯದೇ ಲಕ್ಷಣಗ್ರಂಥವಾಗಿರುವುದು ಗಮನಾರ್ಹವಾದುದು. 12ನೆಯ ಶತಮಾನದಲ್ಲಿ ನಾಗವರ್ಮನು 5 ಅಧಿಕರಣಗಳ ಕಾವ್ಯಾವಲೋಕನವನ್ನು ಬರೆದು ಈ ಶಾಸ್ತ್ರವನ್ನು ಮತ್ತಷ್ಟು ವಿಸ್ತರಿಸಿದನು.

ಅದೇ ಶತಮಾನದಲ್ಲಿ ಕಲ್ಯಾಣದ ಶರಣರು ವಚನಗಳನ್ನು ನುಡಿದರು. ಅವರು ಲಕ್ಷಣಗ್ರಂಥವನ್ನು ಮುಂದಿಟ್ಟುಕೊಂಡು ನುಡಿದವರಲ್ಲ. ಅಂತಾದರೂ ಅವರ ನುಡಿಯಲ್ಲಿ ಅಲಂಕಾರಗಳು ತಾವಾಗಿಯೇ ನೆಲೆಗೊಂಡಿವೆ. ಅವುಗಳ ಭೇದವನ್ನರಿಯದಿದ್ದರೆ ಆಗುವ ಹಾನಿಯೇನೆಂಬುದನ್ನು ಇಲ್ಲಿ ವಿಚಾರಿಸತಕ್ಕದ್ದು.

ಉಪಮೆಯಲ್ಲಿ ಉಪಮೇಯ, ಉಪಮಾನಗಳೆರಡೂ ಬೇರೆಬೇರೆಯಾಗಿ ನಿಂತು, "ಅಂತೆ" ಎಂಬ ವಾಚಕದಿಂದ ಸಾದೃಶ್ಯವನ್ನು ಪಡೆಯುವುವು. ರೂಪಕದಲ್ಲಿ ಆ ವಾಚಕವು ಅಳಿದು ಅಭೇದವು ತೋರುವುದು. ಬಸವಣ್ಣನವರು ಶರೀರದ ಅವಯವಗಳನ್ನೇ ದೇವಾಲಯದ ಅಂಗಗಳನ್ನಾಗಿ ಕಂಡ ಪ್ರಸಿದ್ಧ ವಚನವು ಸಾವಯವ ರೂಪಕವಾಗಿದೆ. ಶರೀರವು ದೇವಾಲಯದಂತಿದೆ ಎಂದಿದ್ದರೆ ಅದು ಶರೀರಕ್ಕೆ ಸಂದ ಪ್ರಶಂಸೆ ಮಾತ್ರವಾಗುತ್ತಿತ್ತು. ಕಲ್ಲಿನ ದೇವಾಲಯವು ಹಿಂದಿನಂತೆಯೇ ಮೇಲಾಗಿ ಉಳಿಯುತ್ತಿತ್ತು. ಶರೀರವೇ ದೇವಾಲಯವಾದಾಗಲಾದರೋ, ಧನವಿಲ್ಲದ ಭಕ್ತನಿಗೆ ಯಾವ ಕೊರತೆಯೂ ಇಲ್ಲದಂತಾಯಿತು. ಸ್ಥಾವರವು ಅಳಿಯುವುದು, ಜಂಗಮವು ಅಳಿಯದು ಎಂಬ ಸಿದ್ಧಾಂತವು ಆ ರೂಪಕದ ಮೇಲೆಯೇ ನಿಂತಿದೆ. ರೂಪಕವನ್ನು ಉಪಮೆಯೆಂದೋದಿದವನು ಸಿದ್ಧಾಂತವನ್ನೇ ಕಳೆದುಕೊಳ್ಳುವನು.

ಇನ್ನು ಅತಿಶಯೋಕ್ತಿಯ ಒಂದು ಪ್ರಭೇದದಲ್ಲಿ ಉಪಮಾನವು ಉಪಮೇಯವನ್ನು ನುಂಗಿಬಿಡುವುದು. ಹೇಳಬೇಕಾದ ವಸ್ತುವು ಹೆಸರಿಗೂ ಕಾಣದು. ಅಲ್ಲಮಪ್ರಭುಗಳ ಬೆಡಗಿನ ವಚನಗಳ ಮಾರ್ಗವು ಇದಕ್ಕೆ ಸಮೀಪವಾದುದು. ಅಲ್ಲಿ ಮೃಗಪಕ್ಷಿಗಳ, ಊರುಕೇರಿಗಳ ಹೆಸರುಗಳು ಮಾತ್ರ ಕಾಣುವುವು. ಅವು ಮನಸ್ಸನ್ನೋ, ಪ್ರಾಣವನ್ನೋ, ಮಾಯೆಯನ್ನೋ, ಜ್ಞಾನವನ್ನೋ ಸೂಚಿಸುವುವೆಂದು ಆ ವಚನವು ತಾನಾಗಿ ಹೇಳದು. ವಾಚ್ಯಾರ್ಥವನ್ನೇ ಹಿಡಿದವನಿಗೆ ಅದು ಅಸಂಗತವಾದ ಮಾತಾಗಿ ತೋರುವುದು. ಬೆಡಗಿನ ಕೀಲನ್ನು ಗುರುಮುಖದಿಂದ ಅರಿಯಬೇಕೆಂದು ಹಿರಿಯರು ವಿಧಿಸಿದುದು ಇದರಿಂದಲೇ.

ಗುರುಶಿಷ್ಯಪರಂಪರೆಯು ಕಡಿದುಹೋದರೆ ಕೀಲೂ ಕಳೆದುಹೋಗುವುದು. ಕಲ್ಯಾಣದ ವಿಪ್ಲವದ ತರುವಾಯ ಶರಣರು ಚೆದುರಿದಾಗ ಇಂತಹ ಭಯವು ಇದ್ದೇ ಇದ್ದಿತು. 15ನೆಯ ಶತಮಾನದ ವಿರಕ್ತರು ವಚನಗಳನ್ನು ಸ್ಥಲಾನುಸಾರವಾಗಿ ಸಂಕಲಿಸಿದುದೂ, ಬೆಡಗಿನ ವಚನಗಳಿಗೆ ಟೀಕೆಗಳನ್ನು ಬರೆದುದೂ, ಶಿವಗಣಪ್ರಸಾದಿ ಮಹಾದೇವಯ್ಯನವರು ಶೂನ್ಯಸಂಪಾದನೆಯಲ್ಲಿ ವಚನಗಳಿಗೆ ಸಂದರ್ಭವನ್ನು ಕಲ್ಪಿಸಿ ಜೋಡಿಸಿದುದೂ ಕೀಲನ್ನು ಕಾಪಾಡಿದ ಮಹಾಕಾರ್ಯಗಳು. ಟೀಕಾಕಾರರು ಮಾಡಿದುದು ಅಲಂಕಾರವು ನುಂಗಿದ ಉಪಮೇಯವನ್ನು ಮರಳಿ ತೋರಿಸುವ ಕೆಲಸವನ್ನೇ. ತಾಳೆಯೋಲೆಗಳಲ್ಲಿ ಉಳಿದಿದ್ದ ಆ ವಚನರಾಶಿಯನ್ನು ಶೋಧಿಸಿ ಫ. ಗು. ಹಳಕಟ್ಟಿಯವರು 1923ರಲ್ಲಿ ವಚನಶಾಸ್ತ್ರಸಾರದ ಪ್ರಥಮ ಭಾಗವನ್ನು ಪ್ರಕಟಿಸಲು, ವಚನಗಳು ಮನೆಮನೆಯನ್ನು ಸೇರುವ ದಾರಿಯು ತೆರೆಯಿತು.

ಪುಸ್ತಕವು ಕೈಸೇರಿದ ಮಾತ್ರಕ್ಕೆ ಅರ್ಥವು ಮನಸ್ಸನ್ನು ಸೇರಿತೆನ್ನಲಾಗದು. ನಿತ್ಯವೂ ವಚನಪಾರಾಯಣ ಮಾಡುವ ಭಕ್ತರು ಒಂದೊಂದು ನುಡಿಯಲ್ಲಿಯೂ "ಇಲ್ಲಿ ಎರಡು ವಸ್ತುಗಳು ಬೇರೆಯಾಗಿ ನಿಂತಿವೆಯೋ, ಒಂದಾಗಿವೆಯೋ, ಒಂದು ಮತ್ತೊಂದನ್ನು ಮರೆಸಿದೆಯೋ" ಎಂದು ವಿಚಾರಿಸತಕ್ಕದ್ದು. ಹಾಗೆ ವಿಚಾರಿಸಿ ಓದುವವರಲ್ಲಿ ಶರಣರ ನುಡಿಯು ಕಂಠದಲ್ಲಿ ನಿಲ್ಲದೆ ಹೃದಯದಲ್ಲಿ ನೆಲೆಸುವುದು.